ಬೆಂಗೇರಿಯ ಖಾದಿ ಬಾವುಟ: ವಿದೇಶಿ ಅತಿಥಿ ಬರುವ ಸಭೆಗೆ ಯಾವ ಅಳತೆ, ಯಾವ ಬಟ್ಟೆ?

ಹುಬ್ಬಳ್ಳಿ-ಧಾರವಾಡದ ವಿಶ್ವವಿದ್ಯಾಲಯ, ಕಾಲೇಜು, ಉದ್ಯಮಿಗಳ ಸಂಘಗಳಿಗೆ ವಿದೇಶಿ ನಿಯೋಗ ಬರುವುದು ಈಗ ಹೊಸದೇನಲ್ಲ. ಒಪ್ಪಂದಕ್ಕೆ ಸಹಿ, ಶಾಲು-ಹಾರ, ಎರಡು ಬಾವುಟಗಳ ಮುಂದೆ ಫೋಟೊ. ಭಾಷಣ ಯಾರಿಗೂ ನೆನಪಿರುವುದಿಲ್ಲ, ಆ ಫೋಟೊ ಉಳಿಯುತ್ತದೆ. ಆದರೆ ಬಾವುಟ ತರುವ ಕೆಲಸ ಬೀಳುವುದು ಹಿಂದಿನ ದಿನ ಸಂಜೆ ಸ್ಟೇಶನರಿ ಅಂಗಡಿಗೆ ಓಡಿದ ಹುಡುಗನ ಪಾಲಿಗೆ. ಅವನು ತರುವುದು ಫ್ಲ್ಯಾಶ್ ಬಿದ್ದರೆ ಕಣ್ಣು ಕುಕ್ಕುವ ಸ್ಯಾಟಿನ್ ಬಾವುಟ, ಅದರಲ್ಲಿ ಒಂದು ಕಡೆಗೆ ಸರಿದ ಚಕ್ರ. ಸರ್ಕಾರಿ ಕಚೇರಿಗಳಿಗೆ, ಹೊರದೇಶಗಳಲ್ಲಿರುವ ಭಾರತೀಯ ರಾಯಭಾರ ಕಚೇರಿಗಳಿಗೆ ಹೋಗುವ ಬಾವುಟ ಇದೇ ಊರಿನ ಬೆಂಗೇರಿಯಲ್ಲಿ ತಯಾರಾಗುತ್ತಿರುವಾಗ ಇದು ಬೇಸರದ ಸಂಗತಿ. ಹಾಗಾಗಿ ಈ ಬಾವುಟವನ್ನು ಭಾವುಕತೆ ಬದಿಗಿಟ್ಟು, ಒಂದು ಸಾಮಾನಾಗಿ ತೂಗಿ ನೋಡೋಣ.

ಬೆಂಗೇರಿಯಲ್ಲಿ ಈ ಬಾವುಟ ತಯಾರಿಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು. ಬಾವುಟದ ಘಟಕ ಶುರುವಾದದ್ದು ಬಹಳ ತಡವಾಗಿ, 2004ರಲ್ಲಿ. ಅದರ ಬೆನ್ನಿಗೇ ಭಾರತೀಯ ಮಾನಕ ಬ್ಯೂರೋದ ಪರವಾನಗಿ ಸಿಕ್ಕಿತು; ಮುಂದೆ ಬಹುಕಾಲ ದೇಶದಲ್ಲಿ ಆ ಪರವಾನಗಿ ಇದ್ದದ್ದು ಈ ಒಂದೇ ಘಟಕಕ್ಕೆ. ನೂಲುವುದು, ನೇಯುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ. ಧಾರವಾಡ ತಾಲ್ಲೂಕಿನ ಗರಗವೂ ಧ್ವಜದ ಬಟ್ಟೆಗೆ ದಶಕಗಳಿಂದ ಹೆಸರಾದ ಊರು. ಬಟ್ಟೆ ಬೆಂಗೇರಿಗೆ ಬಂದ ಮೇಲೆ ಮೂರು ಪಾಲಾಗುತ್ತದೆ: ಒಂದಕ್ಕೆ ಕೇಸರಿ, ಒಂದಕ್ಕೆ ಹಸಿರು, ಉಳಿದದ್ದಕ್ಕೆ ಬ್ಲೀಚ್. ಬಿಳಿ ಪಟ್ಟಿಯ ಮೇಲೆ ಚಕ್ರದ ಅಚ್ಚು, ಆಮೇಲೆ ಕತ್ತರಿಸುವುದು, ಹೊಲಿಗೆ, ಕೊನೆಗೆ ಹಗ್ಗ ಮತ್ತು ಟಾಗಲ್ ಎಂಬ ಮರದ ಚಿಕ್ಕ ತುಂಡು. ಹೊಲಿಗೆಯವರು ಹೆಚ್ಚಿನವರು ಹೆಣ್ಣುಮಕ್ಕಳು.

ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಅಳತೆ. ನಮ್ಮ ದೇಶದ ಮಾನಕಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆ ರಾಷ್ಟ್ರಧ್ವಜದ್ದು. ಐಎಸ್ 1 ಎಂಬ ಈ ಮಾನಕ 1951ರಲ್ಲಿ ಬಂತು, 1964 ಮತ್ತು 1968ರಲ್ಲಿ ಪರಿಷ್ಕಾರವಾಯಿತು. ಒಟ್ಟು ಒಂಬತ್ತು ಅಳತೆಗಳು, ಎಲ್ಲವೂ 3:2 ಪ್ರಮಾಣದಲ್ಲಿ. ಮಿಲಿಮೀಟರ್ ಲೆಕ್ಕದಲ್ಲಿ ಹೇಳುವುದಾದರೆ 6300×4200, 3600×2400, 2700×1800, 1800×1200, 1350×900, 900×600, 450×300, 225×150 ಮತ್ತು 150×100. ಕೊನೆಯ ಮೂರು ಅಳತೆಗಳ ಬಳಕೆ ಗೊತ್ತುಮಾಡಿಟ್ಟದ್ದು: 450×300 ಗಣ್ಯರ ವಿಮಾನಕ್ಕೆ, 225×150 ಕಾರಿಗೆ, 150×100 ಮೇಜಿಗೆ. ಚಕ್ರದ ವ್ಯಾಸವೂ ಅಳತೆಗೆ ತಕ್ಕಂತೆ ನಿಗದಿ. ಮೇಜಿನ ಬಾವುಟದಲ್ಲಿ 25 ಮಿ.ಮೀ., ಕಾರಿನದರಲ್ಲಿ 40, 900×600ರಲ್ಲಿ 185, 1350×900ರಲ್ಲಿ 280, 1800×1200ರಲ್ಲಿ 370. ಅಂಗಡಿಯ ಬಾವುಟ ಕೈಗೆ ಬಂದಾಗ ಸ್ಕೇಲು ಹಿಡಿದು ಚಕ್ರ ಅಳೆದರೆ ಸಾಕು, ಮಾನಕದ ಗಾಳಿಯೂ ಅದಕ್ಕೆ ಸೋಕಿಲ್ಲವೆನ್ನುವುದು ಹತ್ತಕ್ಕೆ ಎಂಟು ಸಲ ಅಲ್ಲೇ ಗೊತ್ತಾಗುತ್ತದೆ.

ಸಭಾಂಗಣಕ್ಕೆ ಬೇಕಾಗುವುದು ಎರಡೇ ಅಳತೆ. ಮೇಜಿಗೆ 150×100, ವೇದಿಕೆಯ ಸ್ಟ್ಯಾಂಡಿಗೆ 1350×900. ವೇದಿಕೆ ಚಿಕ್ಕದಿದ್ದು ಸೂರು ತಗ್ಗಿದ್ದರೆ 900×600 ಸಾಕು. ಹೊರಗಿನ ಕಂಬಕ್ಕಾದರೆ ಬಾವುಟದ ಉದ್ದ ಕಂಬದ ಎತ್ತರದ ಕಾಲುಭಾಗ ಎಂಬ ರೂಢಿಯ ಲೆಕ್ಕ ಹಿಡಿಯಿರಿ. 1800 ಮಿ.ಮೀ. ಅಂದರೆ ಸುಮಾರು ಆರು ಅಡಿ, ಅದಕ್ಕೆ 24 ಅಡಿಯ ಕಂಬ. ದೊಡ್ಡದೇ ಇರಲಿ ಎಂದು ಅದೇ ಕಂಬಕ್ಕೆ 2700ರದ್ದನ್ನು ಕಟ್ಟಿದರೆ ಗಾಳಿಯಿಲ್ಲದ ಹೊತ್ತಿನಲ್ಲಿ ಕಂಬಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಗಾಳಿ ಬೀಸಿದಾಗ ರಾಟೆಯ ಹತ್ತಿರ ಹಗ್ಗ ತಿನ್ನುತ್ತದೆ.

ಇನ್ನು ಬಟ್ಟೆಯ ಗುಣ. ಖಾದಿಯ ನೂಲು ಮ್ಯಾಟ್. ದೀಪದ ಬೆಳಕನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಫೋಟೊದಲ್ಲಿ ಕೇಸರಿ ಕೇಸರಿಯಾಗಿಯೇ ಕಾಣುತ್ತದೆ. ಸ್ಯಾಟಿನ್‌ನಲ್ಲಿ ಅದೇ ಬಣ್ಣ ಒಂದು ಮಡಿಕೆಯಲ್ಲಿ ಹಳದಿ, ಇನ್ನೊಂದರಲ್ಲಿ ಕೆಂಪು. ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ಖಾದಿಯ ನೆರಿಗೆ ಕೆಳಮುಖವಾಗಿ ತೂಕದಿಂದ ಇಳಿಯುತ್ತದೆ. ಪಾಲಿಯೆಸ್ಟರ್ ಎಸಿಯ ಗಾಳಿಗೂ ಹಾರಾಡಿ, ಪಕ್ಕದಲ್ಲಿ ಕೂತ ಅತಿಥಿಯ ಮುಖಕ್ಕೆ ಬಡಿಯುತ್ತದೆ. ವೇದಿಕೆಯ ಅಳತೆಗೆ ಖಾದಿಯನ್ನು ಬೇರೆ ಯಾವ ಬಟ್ಟೆಯೂ ಮೀರಿಸುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಮೇಜಿನ ಅಳತೆಗೆ ಅಷ್ಟು ಧೈರ್ಯ ಸಲ್ಲದು. 25 ಮಿ.ಮೀ. ಚಕ್ರದೊಳಗೆ 24 ಅರೆಗಳು ಕೂರಬೇಕು. ಕೈನೂಲಿನ ಎಳೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಬಣ್ಣ ಎಳೆಯಗುಂಟ ಸ್ವಲ್ಪ ಹರಡುತ್ತದೆ, ನಡುವಿನ ಗುಂಬದ ಹತ್ತಿರ ಅರೆಗಳು ಕೂಡಿಕೊಳ್ಳುವ ಅಪಾಯ ಇದ್ದೇ ಇದೆ. ಇದು ಬಟ್ಟೆಯ ಸ್ವಭಾವ, ಯಾರು ತಯಾರಿಸಿದರೂ ಇರುವಂಥದ್ದು. ಆದ್ದರಿಂದ ಮೇಜಿನ ಬಾವುಟ ಕೊಳ್ಳುವಾಗ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಎರಡು ಪರೀಕ್ಷೆ ಸಾಕು. ಒಂದು, ಬೆಳಕಿಗೆ ಅಡ್ಡ ಹಿಡಿಯುವುದು: ಚಕ್ರದ ಅಚ್ಚು ಎರಡೂ ಬದಿಗೆ ಬೀಳುವುದರಿಂದ ಎರಡರ ನಡುವೆ ಕೂದಲೆಳೆ ಸರಿದರೂ ಅರೆಗಳು ಜೋಡಿಜೋಡಿಯಾಗಿ ಕಾಣುತ್ತವೆ. ಎರಡು, ಹೊಲಿಗೆಯ ಮೇಲೆ ಬೆರಳಾಡಿಸುವುದು: ಮೂರು ಪಟ್ಟಿಗಳೂ ಒಂದೇ ರೀತಿ ಕುಗ್ಗದ ಬಟ್ಟೆಯಾದರೆ ಮೊದಲ ತೊಳೆತಕ್ಕೇ ಹೊಲಿಗೆ ಸುಕ್ಕುಗಟ್ಟುತ್ತದೆ, ಹೊಸದರಲ್ಲೇ ಸಣ್ಣ ಸುಕ್ಕಿದ್ದರೆ ಮುಂದೆ ಅದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕೋಲಿಗೆ ತೂರಿಸುವ ದಪ್ಪ ಡಕ್ ಬಟ್ಟೆಯ ಪಟ್ಟಿಯ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿಕೊಳ್ಳಿ.

ಟಾಗಲ್ ಬಗ್ಗೆ ಒಂದು ಮಾತು, ಯಾಕೆಂದರೆ ಅದರ ಬೆಲೆ ಗೊತ್ತಾಗುವುದು ಅದಿಲ್ಲದಾಗ. ಹಾರಿಸುವ ಬಾವುಟದ ಮೇಲ್ತುದಿಗೆ ಮರದ ಚಿಕ್ಕ ಅಡ್ಡತುಂಡು, ಕೆಳತುದಿಗೆ ಹಗ್ಗ. ಕತ್ತಲಲ್ಲಿ ಕಟ್ಟಿದರೂ ಕೈಗೆ ತಿಳಿಯುತ್ತದೆ, ತಲೆಕೆಳಗಾಗುವ ಮಾತಿಲ್ಲ. ಸ್ಟ್ಯಾಂಡಿನ, ಮೇಜಿನ ಬಾವುಟಗಳಿಗೆ ಟಾಗಲ್ ಇರುವುದಿಲ್ಲ, ಬರೀ ಕೋಲು ತೂರಿಸುವ ತೋಳು. ಆ ತೋಳಿನ ಎರಡೂ ತುದಿ ತೆರೆದಿದ್ದರೆ ಯಾವ ಕಡೆಯಿಂದಲೂ ಕೋಲು ಹೋಗುತ್ತದೆ, ಅಲ್ಲಿಗೆ ಅನಾಹುತದ ಬಾಗಿಲು ತೆರೆದಂತೆ. 2015ರ ನವೆಂಬರ್‌ನಲ್ಲಿ ಕೌಲಾಲಂಪುರದಲ್ಲಿ ನಮ್ಮ ಪ್ರಧಾನಿಯೂ ಜಪಾನಿನ ಪ್ರಧಾನಿಯೂ ಕೈಕುಲುಕಿದಾಗ ಹಿಂದೆ ನಿಂತಿದ್ದ ಭಾರತದ ಬಾವುಟ ತಲೆಕೆಳಗಾಗಿತ್ತು. ಆ ಫೋಟೊ ಎಲ್ಲ ಪತ್ರಿಕೆಗಳಲ್ಲಿ ಬಂತು. ಮಾತುಕತೆಯಲ್ಲಿ ಏನಾಯಿತೆಂದು ಹೇಳಬಲ್ಲವರು ಕಡಿಮೆ, ಬಾವುಟದ ಸುದ್ದಿ ಎಲ್ಲರಿಗೂ ಗೊತ್ತು. ಪರಿಹಾರ ಸರಳ: ಆರ್ಡರ್ ಕೊಡುವಾಗಲೇ ಮೇಲ್ತುದಿ ಹೊಲಿದು ಮುಚ್ಚಿದ ತೋಳು ಕೇಳಿ. ತೆರೆದ ತೋಳಿನದು ಈಗಾಗಲೇ ಮನೆಯಲ್ಲಿದ್ದರೆ ಕೇಸರಿ ಕಡೆಯ ತುದಿಗೆ ಬಿಳಿ ದಾರದ ನಾಲ್ಕು ಹೊಲಿಗೆ ಹಾಕಿಸಿದರಾಯಿತು.

ಬಾವುಟ ಸರಿಯಿದ್ದು ಜೋಡಣೆ ಕೆಡುವುದೇ ಹೆಚ್ಚು. ನಿಯಮಗಳು 2002ರ ಜನವರಿ 26ರಿಂದ ಜಾರಿಗೆ ಬಂದ ಭಾರತದ ಧ್ವಜ ಸಂಹಿತೆಯಲ್ಲಿವೆ. ಎರಡು ಬಾವುಟಗಳ ಕೋಲುಗಳನ್ನು ಅಡ್ಡಡ್ಡ ಇಡುವಾಗ ನಮ್ಮದು ಬಲಕ್ಕೆ, ಅಂದರೆ ಬಾವುಟದ ಸ್ವಂತ ಬಲಕ್ಕೆ. ನಮ್ಮ ಕೋಲು ಇನ್ನೊಂದರ ಮುಂದೆ. ನೋಡುವವರಿಗೆ ಅದು ಎಡಗಡೆ ಕಾಣುತ್ತದೆ, ಗೊಂದಲವಾಗುವುದು ಇಲ್ಲೇ. ಹಲವು ದೇಶಗಳ ಬಾವುಟ ಸಾಲಾಗಿ ನಿಲ್ಲಿಸುವಾಗಲೂ ಇದೇ ಲೆಕ್ಕ. ಸಾಲಿನ ನಡುವೆ ಸಭಿಕರ ಕಡೆ ಮುಖಮಾಡಿ ನಿಂತವರ ಬಲತುದಿಯಲ್ಲಿ ಭಾರತ, ಅಲ್ಲಿಂದ ಮುಂದೆ ದೇಶಗಳ ಇಂಗ್ಲಿಷ್ ಹೆಸರಿನ ಅಕ್ಷರಕ್ರಮ. ಧಾರವಾಡದ ಒಂದು ಕೃಷಿ ವಿಚಾರಸಂಕಿರಣಕ್ಕೆ ಬಾಂಗ್ಲಾದೇಶ, ಇಥಿಯೋಪಿಯಾ, ಕೀನ್ಯಾ, ನೇಪಾಳ, ಶ್ರೀಲಂಕಾದವರು ಬಂದರೆನ್ನಿ. ಸಭಿಕರು ಎಡದಿಂದ ಓದಿದಾಗ ಭಾರತ, ಬಾಂಗ್ಲಾದೇಶ, ಇಥಿಯೋಪಿಯಾ, ಕೀನ್ಯಾ, ನೇಪಾಳ, ಶ್ರೀಲಂಕಾ ಎಂದು ಬರಬೇಕು. ಕನ್ನಡದ ಅಕ್ಷರಕ್ರಮದಲ್ಲಿ ಇಟ್ಟರೆ ಇಥಿಯೋಪಿಯಾ ಮುಂದೆ ಬಂದು ಕ್ರಮ ತಪ್ಪುತ್ತದೆ. ಹೆಸರು ಬದಲಾದ ದೇಶಗಳ ಜಾಗವೂ ಬದಲಾಗಿದೆ: ಹಳೆಯ ಸ್ವಾಜಿಲ್ಯಾಂಡ್ 2018ರಿಂದ ಎಸ್ವಾತಿನಿ, ಅದನ್ನೀಗ ಎಸ್ ಅಕ್ಷರದಲ್ಲಿ ಹುಡುಕದೆ ಇ ಅಕ್ಷರದಲ್ಲಿ ಸೇರಿಸಬೇಕು, ಮ್ಯಾಸಿಡೋನಿಯಾ 2019ರಿಂದ ನಾರ್ತ್ ಮ್ಯಾಸಿಡೋನಿಯಾ.

ಕಂಬಗಳ ಎತ್ತರ ಎಲ್ಲಕ್ಕೂ ಒಂದೇ. ಶಾಂತಿಕಾಲದಲ್ಲಿ ಒಂದು ದೇಶದ ಬಾವುಟವನ್ನು ಇನ್ನೊಂದರ ಮೇಲೆ ಹಾರಿಸುವುದಕ್ಕೆ ಅಂತರರಾಷ್ಟ್ರೀಯ ರೂಢಿ ಒಪ್ಪುವುದಿಲ್ಲ. ನಮ್ಮದು ಒಂದು ಗೇಣು ಮೇಲಿರಲಿ ಎನ್ನುವ ಅಭಿಮಾನಿಗಳು ಪ್ರತಿ ಸಮಿತಿಯಲ್ಲೂ ಒಬ್ಬರಿರುತ್ತಾರೆ; ಅವರಿಗೆ ಸಂಹಿತೆಯ ಈ ಸಾಲನ್ನೇ ಓದಿ ತೋರಿಸುವುದು ಒಳ್ಳೆಯದು. ಸಂಸ್ಥೆಯ ಹೆಸರನ್ನೋ ಲಾಂಛನವನ್ನೋ ಬಾವುಟದ ಮೂಲೆಯಲ್ಲಿ ಅಚ್ಚು ಹಾಕಿಸುವ ಆಸೆಯೂ ಸಾಮಾನ್ಯ. ಅದೂ ಆಗದು, ಬಾವುಟದ ಮೇಲೆ ಯಾವ ಬರಹವೂ ಇರಕೂಡದು. ಮೇಜಿಗೆ ಹೊದಿಸುವುದು, ವೇದಿಕೆಯ ಮುಂಭಾಗಕ್ಕೆ ಇಳಿಬಿಡುವುದು ಕೂಡ ನಿಷಿದ್ಧ. ಭಾಷಣದ ವೇದಿಕೆಯಲ್ಲಿ ಸ್ಟ್ಯಾಂಡ್ ಇಡುವುದಾದರೆ ಸಭಿಕರ ಕಡೆ ಮುಖಮಾಡಿದ ಭಾಷಣಕಾರರ ಬಲಗಡೆ. ಗೋಡೆಗೆ ಉದ್ದುದ್ದ ಹಾಕಿದರೆ ಕೇಸರಿ ಪಟ್ಟಿ ನೋಡುವವರ ಎಡಕ್ಕೆ.

ಅತಿಥಿಯ ಬಾವುಟವನ್ನು ಬೆಂಗೇರಿಯ ಬಾವುಟದ ಪಕ್ಕದಲ್ಲಿ ಇಡುವಾಗ ಎರಡು ತೊಡಕು. ಮೊದಲನೆಯದು ಪ್ರಮಾಣ. ಎಲ್ಲರದೂ 3:2 ಅಲ್ಲ. ಬ್ರಿಟನ್, ಶ್ರೀಲಂಕಾದ ಬಾವುಟಗಳ ಉದ್ದ ಎತ್ತರದ ಎರಡು ಪಟ್ಟು, ಜರ್ಮನಿ, ಬಾಂಗ್ಲಾದೇಶದವು 5:3, ಸ್ವಿಟ್ಜರ್ಲೆಂಡಿನದು ಚೌಕ, ನೇಪಾಳದ್ದು ಆಯತವೇ ಅಲ್ಲ. ಎತ್ತರವನ್ನು ಸಮ ಮಾಡಿ, ಉದ್ದ ತಾನಾಗಿ ಬರಲಿ. ಮಾರುಕಟ್ಟೆಯಲ್ಲಿ ಸಿಗುವ 15×10 ಸೆಂ.ಮೀ. ಮೇಜಿನ ಬಾವುಟಗಳಲ್ಲಿ ಬಹುತೇಕ ದೇಶಗಳದ್ದನ್ನು 3:2ಕ್ಕೇ ಹೊಂದಿಸಿರುತ್ತಾರೆ, ಅವು ನಮ್ಮ 150×100ರ ಜೊತೆ ಸರಿಯಾಗಿ ಕೂರುತ್ತವೆ. ಎರಡನೆಯ ತೊಡಕು ಬಟ್ಟೆ. ನಮ್ಮದು ಖಾದಿ, ಅವರದು ಮಿನುಗುವ ಸ್ಯಾಟಿನ್ ಎಂದಾದರೆ ಫೋಟೊದಲ್ಲಿ ಅತಿಥಿಯದ್ದೇ ಎದ್ದು ಕಾಣುತ್ತದೆ. ಅವರದು ತೆಳು ಕಾಗದವಾಗಿದ್ದರೆ ಅವಮಾನದಂತೆ ಕಾಣುತ್ತದೆ. ಅತಿಥಿಯದಕ್ಕೂ ಹತ್ತಿ ಬಟ್ಟೆ ಅಥವಾ ಮಿನುಗದ ಪಾಲಿಯೆಸ್ಟರ್ ಹುಡುಕಿ, ಕೋಲು ಮತ್ತು ಪೀಠ ಎರಡಕ್ಕೂ ಒಂದೇ ಇರಲಿ.

ವಿದೇಶಿ ಬಾವುಟವನ್ನು ಹಳೆಯ ದಾಸ್ತಾನಿನಿಂದ ತೆಗೆಯುವ ಮುಂಚೆ ಆ ದೇಶದ ರಾಯಭಾರ ಕಚೇರಿಗೆ ಒಂದು ಇಮೇಲ್ ಹಾಕುವುದು ಲೇಸು. ಮ್ಯಾನ್ಮಾರ್ 2010ರಲ್ಲಿ, ಲಿಬಿಯಾ 2011ರಲ್ಲಿ, ಮಾರಿಟೇನಿಯಾ 2017ರಲ್ಲಿ ಬಾವುಟ ಬದಲಿಸಿವೆ. ಐವರಿ ಕೋಸ್ಟಿನದೂ ಐರ್ಲೆಂಡಿನದೂ ಬಣ್ಣ ಒಂದೇ, ಕ್ರಮ ಉಲ್ಟಾ. ನೈಜರ್ ದೇಶದ್ದು ನಮ್ಮದೇ ಎಂದು ಮೋಸಹೋಗುವಷ್ಟು ಹತ್ತಿರ: ಕಿತ್ತಳೆ, ಬಿಳಿ, ಹಸಿರು, ನಡುವೆ ಚಕ್ರದ ಬದಲು ಕಿತ್ತಳೆ ವೃತ್ತ. ಫಿಲಿಪ್ಪೀನ್ಸಿನದನ್ನು ಕೆಂಪು ಮೇಲೆ ಮಾಡಿ ಹಾರಿಸಿದರೆ ಅವರ ಕಾನೂನಿನಂತೆ ಅದು ಯುದ್ಧಸ್ಥಿತಿಯ ಸಂಕೇತ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಮಹಿಳಾ ಫುಟ್‌ಬಾಲ್ ಆಟಗಾರ್ತಿಯರ ಹೆಸರಿನ ಪಕ್ಕ ಪರದೆಯ ಮೇಲೆ ದಕ್ಷಿಣ ಕೊರಿಯಾದ ಬಾವುಟ ತೋರಿಸಿದ್ದಕ್ಕೆ ಅವರು ಮೈದಾನ ಬಿಟ್ಟು ಹೋದರು, ಗ್ಲಾಸ್ಗೋದ ಆ ಪಂದ್ಯ ಸುಮಾರು ಒಂದು ಗಂಟೆ ತಡವಾಯಿತು. ಒಲಿಂಪಿಕ್ಸ್ ನಡೆಸುವವರಿಗೇ ಹೀಗಾದರೆ ಕಾಲೇಜಿನ ಸ್ವಾಗತ ಸಮಿತಿ ಎರಡು ಸಲ ನೋಡುವುದರಲ್ಲಿ ತಪ್ಪೇನಿಲ್ಲ.

ಕಾರಿನ ಬಾವುಟದ ವಿಷಯ ಬೇಗ ಮುಗಿಯುತ್ತದೆ: ನಿಮಗದು ಬೇಡ. ಕಾರಿನ ಮೇಲೆ ಬಾವುಟ ಹಾಕುವ ಹಕ್ಕು ರಾಷ್ಟ್ರಪತಿ, ರಾಜ್ಯಪಾಲರು, ಪ್ರಧಾನಿ, ಮಂತ್ರಿಗಳು, ನ್ಯಾಯಮೂರ್ತಿಗಳು, ಹೊರದೇಶದಲ್ಲಿರುವ ನಮ್ಮ ರಾಯಭಾರಿಗಳು ಮುಂತಾದವರಿಗೆ ಮಾತ್ರ. ಆ ಪಟ್ಟಿಯಲ್ಲಿ ಕುಲಪತಿಗಳೂ ಇಲ್ಲ, ಸಂಘದ ಅಧ್ಯಕ್ಷರೂ ಇಲ್ಲ. ಸರ್ಕಾರ ಕೊಟ್ಟ ಕಾರಿನಲ್ಲಿ ವಿದೇಶಿ ಗಣ್ಯರು ಹೋಗುವಾಗ ಕಾರಿನ ಬಲಕ್ಕೆ ನಮ್ಮದು, ಎಡಕ್ಕೆ ಅವರದು. ಬಂದ ಅತಿಥಿಯೇ ರಾಯಭಾರಿಯಾಗಿದ್ದರೆ ಅವರ ಕಾರಿನ ಮೇಲೆ ಅವರ ದೇಶದ ಬಾವುಟ ಇರುವುದು ಸಹಜ, 1961ರ ವಿಯೆನ್ನಾ ಒಪ್ಪಂದದ 20ನೇ ವಿಧಿ ಕಚೇರಿ, ಮನೆ, ವಾಹನ ಮೂರಕ್ಕೂ ಆ ಹಕ್ಕು ಕೊಟ್ಟಿದೆ. ಪಾರ್ಕಿಂಗ್ ಕಾಯುವವರಿಗೆ ಇದನ್ನು ಮೊದಲೇ ಹೇಳಿಡಿ.

ಹೊರಾಂಗಣಕ್ಕೆ ಖಾದಿಯೋ ಪಾಲಿಯೆಸ್ಟರೋ? ಧ್ವಜ ಸಂಹಿತೆಗೆ ಆದ 2021ರ ಡಿಸೆಂಬರ್ 30ರ ತಿದ್ದುಪಡಿಯ ತನಕ ಈ ಪ್ರಶ್ನೆಯೇ ಇರಲಿಲ್ಲ. ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಹತ್ತಿ, ಉಣ್ಣೆ, ರೇಷ್ಮೆ ಖಾದಿ ಮಾತ್ರ. ಈಗ ಯಂತ್ರದಲ್ಲಿ ತಯಾರಾದದ್ದೂ ಪಾಲಿಯೆಸ್ಟರೂ ಸಲ್ಲುತ್ತವೆ, 2022ರ ಜುಲೈನಿಂದ ಜನಸಾಮಾನ್ಯರು ಹಗಲು-ರಾತ್ರಿ ಹಾರಿಸಬಹುದು. ಪಾಲಿಯೆಸ್ಟರ್‌ಗೆ ಅವಕಾಶ ಕೊಟ್ಟದ್ದನ್ನು ಬೆಂಗೇರಿಯವರು ಪ್ರತಿಭಟಿಸಿದ್ದು ಸುಮ್ಮನೆ ಅಲ್ಲ; ನೂಲುವ, ನೇಯುವ, ಹೊಲಿಯುವ ಕೈಗಳ ಕೂಲಿಯೆಲ್ಲ ಸೇರಿದ ಬಾವುಟದ ದರಕ್ಕೆ ಕಾರ್ಖಾನೆಯ ಬಾವುಟ ಎಂದಿಗೂ ಬರುವುದಿಲ್ಲ, ಅದಕ್ಕಿಂತ ಬಹಳ ಅಗ್ಗ. ಹೊರದೇಶದವರ ಮುಂದೆ ಗಾಂಧಿಯ ಚರಕದ ಕಥೆ ಹೇಳುತ್ತ, ಹಿಂದೆ ಪಾಲಿಯೆಸ್ಟರ್ ಹಾರಿಸುವುದು ನಮಗಂತೂ ಒಗ್ಗದ ಮಾತು. ಆದರೂ ಧಾರವಾಡದ ಮಳೆಗಾಲದ ಬಗ್ಗೆ ಪ್ರಾಮಾಣಿಕವಾಗಿರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಂಬದ ಮೇಲಿನ ಖಾದಿ ನೆನೆದು ಭಾರವಾಗಿ ಹಗ್ಗಕ್ಕೆ ಸುತ್ತಿಕೊಳ್ಳುತ್ತದೆ, ಒದ್ದೆಯಲ್ಲೇ ಮಡಚಿಟ್ಟರೆ ಬಿಳಿ ಪಟ್ಟಿಗೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ, ಅದು ಹೋಗುವುದಿಲ್ಲ. ದಿನಾ ಹಾರಿಸುವ ಕಂಬವಿದ್ದರೆ ಎರಡು ಖಾದಿ ಬಾವುಟ ಇಟ್ಟುಕೊಂಡು ಸರದಿಯಲ್ಲಿ ಬಳಸಿ, ಇಳಿಸಿದ್ದನ್ನು ನೆರಳಲ್ಲಿ ಬಿಡಿಸಿ ಒಣಗಿಸಿ. ಅಷ್ಟು ನಿಗಾ ಸಾಧ್ಯವಿಲ್ಲದ ಕಡೆ, ಆ ನಾಲ್ಕು ತಿಂಗಳಿಗೆ ಮಾತ್ರ, ಅಳತೆ ಸರಿಯಿರುವ ಪಾಲಿಯೆಸ್ಟರ್ ನಡೆಯುತ್ತದೆ.

ತೊಳೆಯುವುದು ತಣ್ಣೀರಿನಲ್ಲಿ, ಸೌಮ್ಯ ಸೋಪಿನಲ್ಲಿ, ಕೈಯಿಂದ. ಹಿಂಡಬೇಡಿ. ಮಡಚುವ ಕ್ರಮ: ಅಡ್ಡ ಹಾಸಿ, ಕೇಸರಿ ಮತ್ತು ಹಸಿರನ್ನು ಬಿಳಿಯ ಅಡಿಗೆ ಮಡಚಿ, ಆಮೇಲೆ ಎರಡೂ ಬದಿಯಿಂದ ಒಳಗೆ ಮಡಚುತ್ತ ಬಂದರೆ ಮೇಲೆ ಚಕ್ರ ಮತ್ತು ಎರಡು ಬಣ್ಣಗಳ ಅಂಚು ಮಾತ್ರ ಕಾಣುತ್ತದೆ. ಹರಿದುಹೋದದ್ದನ್ನು ಒರೆಸುವ ಬಟ್ಟೆ ಮಾಡಬಾರದು, ಕಸದ ಗಾಡಿಗೂ ಹಾಕಬಾರದು; ಏಕಾಂತದಲ್ಲಿ, ಇಡಿಯಾಗಿ, ಗೌರವದಿಂದ ಸುಡುವುದು ಸಂಹಿತೆ ಹೇಳುವ ಮೊದಲ ದಾರಿ.

ಬಾವುಟದ ಜೊತೆ ಉಡುಗೊರೆಯ ಪ್ರಶ್ನೆ ಬಂದೇ ಬರುತ್ತದೆ, ನಮ್ಮಲ್ಲಿ ಉತ್ತರವೂ ಮೊದಲೇ ತಯಾರಿರುತ್ತದೆ: ಧಾರವಾಡ ಫೇಡಾ. ಸಭೆಯಲ್ಲಿ ತಿನ್ನಿಸಿ, ಯಾರೂ ಬೇಡ ಅನ್ನುವುದಿಲ್ಲ. ಡಬ್ಬಿ ಕಟ್ಟಿ ಕೊಡುವಾಗ ಮಾತ್ರ ಯೋಚಿಸಿ. ಅದು ಹಾಲಿನ ಪದಾರ್ಥ, ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನ ಒಯ್ಯುವಂತಿಲ್ಲ; ವಿಮಾನ ನಿಲ್ದಾಣದಲ್ಲಿ ಅತಿಥಿಯ ಕೈಯಿಂದ ಕಸಿದು ಬಿಸಾಡುತ್ತಾರೆ. ಕಸೂತಿಯ ಶಾಲೋ ನವಲಗುಂದದ ಸಣ್ಣ ಜಮಖಾನೆಯೋ ಸೂಟ್‌ಕೇಸಿನಲ್ಲಿ ಹಿಡಿಸುತ್ತದೆ, ಯಾವ ಕಸ್ಟಮ್ಸಿನವರೂ ಮೂಸಿ ನೋಡುವುದಿಲ್ಲ.

ಆರ್ಡರ್ ಬಗ್ಗೆ ಕೊನೆಯದಾಗಿ. ಆಗಸ್ಟ್ 15 ಮತ್ತು ಜನವರಿ 26ರ ಮುಂಚಿನ ವಾರಗಳಲ್ಲಿ ಬೇಡಿಕೆ ಒಮ್ಮೆಲೇ ಏರುತ್ತದೆ, ಕೈಕೆಲಸವಾದ್ದರಿಂದ ಉತ್ಪಾದನೆಯನ್ನು ಅದೇ ವೇಗದಲ್ಲಿ ಏರಿಸಲಾಗದು. ಸಭೆಯ ತಾರೀಕು ಆ ಸುಮಾರಿಗಿದ್ದರೆ ಎರಡು ತಿಂಗಳು ಮೊದಲೇ ಹೇಳಿಡಿ. ಮಾರ್ಚ್, ಏಪ್ರಿಲ್, ಅಕ್ಟೋಬರ್‌ಗಳಲ್ಲಿ ಆತುರವಿಲ್ಲದೆ ಆರಿಸಿ ತರಬಹುದು. ರಾಷ್ಟ್ರಧ್ವಜಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ಕೇಳಿ. ಸ್ಟ್ಯಾಂಡು, ಕೋಲು, ಪೀಠಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಒಂದು ಸಂಸ್ಥೆಗೆ 150×100ರ ನಾಲ್ಕು, 1350×900ರ ಎರಡು ಸಾಕು. ಮೇಜಿನವು ನಾಲ್ಕು ಯಾಕೆಂದರೆ ಚಹಾದ ಕಲೆ ಬೀಳುವುದು ಯಾವಾಗಲೂ ಬಿಳಿ ಪಟ್ಟಿಯ ಮೇಲೆ, ಅದೂ ಅತಿಥಿ ಬರುವ ಅರ್ಧ ಗಂಟೆ ಮೊದಲು.